ಮಗ್ ಇಡುವ ಕೈಗೂ ಬಿಯರಿನ ರುಚಿ ತಿಳಿದಿರಲಿ: ಬ್ರೂಪಬ್ ಸಿಬ್ಬಂದಿಯನ್ನು ತಯಾರು ಮಾಡುವ ಬಗೆ

ಬೆಂಗಳೂರಿನ ಯಾವುದಾದರೂ ಬ್ರೂಪಬ್‌ಗೆ, ಅಂದರೆ ಬಿಯರನ್ನು ಅಲ್ಲೇ ತಯಾರಿಸಿ ಬಡಿಸುವ ಜಾಗಕ್ಕೆ ಹೋಗಿ, "ಇವುಗಳಲ್ಲಿ ಯಾವುದು ಚೆನ್ನಾಗಿದೆ?" ಎಂದು ಕೇಳಿ ನೋಡಿ. "ಎಲ್ಲವೂ ಚೆನ್ನಾಗಿದೆ ಸರ್" ಎಂಬುದು ಒಂದು ಉತ್ತರ. "ಗೋಧಿ ಬಿಯರ್ ತುಂಬಾ ಹೋಗುತ್ತದೆ ಸರ್" ಎಂಬುದು ಇನ್ನೊಂದು. ಮೊದಲನೆಯದು ಉತ್ತರವೇ ಅಲ್ಲ, ಎರಡನೆಯದು ದಾಸ್ತಾನಿನ ಲೆಕ್ಕ. ಮೇಜಿಗೆ ಬಡಿಸುವ ಸ್ಟೂವರ್ಡ್ ಆಗಿದ್ದ ಎರಡು ವರ್ಷ ನಾನೂ ಇವೆರಡನ್ನೇ ಹೇಳಿಕೊಂಡು ಬಂದವನು. ಹೇಳುತ್ತಿದ್ದಷ್ಟು ದಿನವೂ ಮೆನುವಿನ ಆರು ಬಿಯರುಗಳಲ್ಲಿ ಒಂದನ್ನೂ ನಾನು ಬಾಯಿಗೆ ಹಾಕಿಕೊಂಡಿರಲಿಲ್ಲ. ಯಾರೂ ಕೊಟ್ಟಿರಲಿಲ್ಲ, ಕೇಳುವ ಧೈರ್ಯ ನನಗೂ ಇರಲಿಲ್ಲ.

ಆಮೇಲೆ ಸ್ಟೂವರ್ಡ್‌ಗಳ ಮೇಲಿನ ಕ್ಯಾಪ್ಟನ್ ಆದೆ, ಈಗ ಸಣ್ಣ ಬ್ರೂಪಬ್‌ಗಳ ಹುಡುಗ ಹುಡುಗಿಯರಿಗೆ ತರಬೇತಿ ಕೊಡುತ್ತೇನೆ. ಹತ್ತು ಹದಿನೈದು ಜನ ಸಿಬ್ಬಂದಿ ಇರುವ ಜಾಗವನ್ನು ನಡೆಸುತ್ತಿರುವವರು ಸುಮಾರು ಆರು ವಾರಗಳಲ್ಲಿ ಏನೇನು ಮಾಡಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ. ದುಡ್ಡು ಹೆಚ್ಚು ಬೇಕಾಗಿಲ್ಲ. ದಿನಕ್ಕೆ ಹದಿನೈದು ನಿಮಿಷ ಬೇಕು, ಅದನ್ನು ಕದಿಯಲು ಬರುವ ಹಣಕಾಸಿನವರನ್ನು ತಡೆಯುವ ಗಟ್ಟಿತನವೂ ಬೇಕು.

2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್, ಮರುವರ್ಷ ವಿಠಲ್ ಮಲ್ಯ ರಸ್ತೆಯಲ್ಲಿ ಬಿಯೆರ್ ಕ್ಲಬ್ ತೆರೆದ ಕಾಲಕ್ಕೆ ಊರಿಗೆ ಇದೆಲ್ಲ ಹೊಸದು. ಅಲ್ಲಿಯವರೆಗೆ ಬಿಯರ್ ಎಂದರೆ ಸ್ಟ್ರಾಂಗ್, ಮೈಲ್ಡ್ ಎಂಬ ಎರಡೇ ಜಾತಿ. ಗಿರಾಕಿಗೂ ಗೊತ್ತಿರಲಿಲ್ಲ, ತಂದಿಡುವವನಿಗೂ ಗೊತ್ತಿರಲಿಲ್ಲ, ಲೆಕ್ಕ ಚುಕ್ತಾ ಆಗುತ್ತಿತ್ತು. ಈಗ ಮ್ಯೂನಿಕ್‌ನಲ್ಲಿ ಮೂರು ವರ್ಷ ಕೆಲಸ ಮಾಡಿ ಬಂದವರು, ಮನೆಯಲ್ಲೇ ಬಿಯರ್ ಕಾಯಿಸಿ ನೋಡಿದವರು ಬಂದು ಕೂರುತ್ತಾರೆ. ಪಕ್ಕದ ಮೇಜಿನಲ್ಲಿ ಜೀವನದ ಮೊದಲ ಮಗ್ ಎತ್ತಲು ಬಂದ ಹಾಸನದ ಹುಡುಗನಿರುತ್ತಾನೆ. ಇಬ್ಬರಿಗೂ ಒಂದೇ ಸ್ಟೂವರ್ಡ್.

ಹೆಜ್ಜೆ 1: ಮೊದಲು ಸೋದರಮಾವನನ್ನು ಕಳುಹಿಸಿ

ನೀವೇ ಹೋಗಿ ಕುಳಿತರೆ ಪ್ರಯೋಜನವಿಲ್ಲ. ಮ್ಯಾನೇಜರ್ ಕುಳಿತ ಮೇಜಿಗೆ ನೀರು ಎರಡು ನಿಮಿಷದಲ್ಲಿ ಬರುತ್ತದೆ. ಸಿಬ್ಬಂದಿಗೆ ಪರಿಚಯವಿಲ್ಲದ, ಬಿಯರ್ ಬಗ್ಗೆ ಹೆಚ್ಚು ತಿಳಿಯದ, ಸ್ವಲ್ಪ ಮಾತಿನ ಚಪಲವಿರುವ ಸಂಬಂಧಿಕರೊಬ್ಬರನ್ನು ಶುಕ್ರವಾರ ಸಂಜೆ ಕಳುಹಿಸಿ. ನಾನು ಊರಿನಿಂದ ಬಂದಿದ್ದ ನನ್ನ ಸೋದರಮಾವನನ್ನು ಕಳುಹಿಸಿದ್ದೆ. ಕನ್ನಡದಲ್ಲೇ ಮಾತಾಡಿ ಎಂದಷ್ಟೇ ಹೇಳಿದ್ದೆ. ಅವರು ತಂದ ವರದಿ ಇಷ್ಟು: ಕೇಳಿದ್ದು ಕಹಿ ಕಡಿಮೆ ಇರುವುದನ್ನು, ಬಂದದ್ದು ಮೆನುವಿನಲ್ಲೇ ಅತಿ ಕಹಿಯಾದ ಐಪಿಎ ಎಂಬ ಬಿಯರ್. ವಾಪಸು ಕೊಡಲು ಸಂಕೋಚವಾಗಿ ಅರ್ಧ ಕುಡಿದು ಎದ್ದು ಬಂದಿದ್ದರು. ಬಿಲ್ಲಿನಲ್ಲಿ ಸೇವಾ ಶುಲ್ಕವೂ ಇತ್ತು. ಏನು ಸೇವೆಗೆ ಎಂದು ಅವರು ನನ್ನನ್ನು ಕೇಳಿದರು.

ಆ ಶುಲ್ಕದ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಸೇವಾ ಶುಲ್ಕವನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಿಲ್ ಯಂತ್ರದಲ್ಲಿ ಆ ಸಾಲು ಇನ್ನೂ ಇದ್ದರೆ ತೆಗೆಸಿ. ಇಲ್ಲದಿದ್ದರೆ ಮುಂದಿನ ಹೆಜ್ಜೆಗಳಲ್ಲಿ ಕಟ್ಟುವ ಒಳ್ಳೆಯ ಹೆಸರೆಲ್ಲ ಬಿಲ್ ಬಂದ ಕೂಡಲೇ ಕರಗಿಹೋಗುತ್ತದೆ.

ಹೆಜ್ಜೆ 2: ಒಂದು ಬೆಳಿಗ್ಗೆ ಎಲ್ಲರನ್ನೂ ಬ್ರೂವರ್ ಕೈಗೆ ಒಪ್ಪಿಸಿ

ಗಾಜಿನ ಗೋಡೆಯ ಆಚೆ ತಾಮ್ರ ಬಣ್ಣದ ಟ್ಯಾಂಕುಗಳು ಹೊಳೆಯುತ್ತಿರುತ್ತವೆ. ಈಚೆ ಬಡಿಸುವವರಿಗೆ ಒಳಗೆ ಏನು ನಡೆಯುತ್ತದೆ ಎಂಬುದು ಗೊತ್ತಿರುವುದಿಲ್ಲ. ಬಿಯರ್ ತಯಾರಿಸುವ ಬ್ರೂವರ್ ಬೆಳಿಗ್ಗೆ ಏಳಕ್ಕೆ ಬಂದು ಸಂಜೆಗೆ ಹೋಗುತ್ತಾರೆ, ಸ್ಟೂವರ್ಡ್ ಮಧ್ಯಾಹ್ನ ಬಂದು ರಾತ್ರಿ ಒಂದಕ್ಕೆ ಹೋಗುತ್ತಾನೆ. ಒಂದೇ ಸೂರಿನಡಿ ಎರಡು ದೇಶಗಳು.

ಬಿಯರ್ ಕಾಯಿಸುವ ಒಂದು ದಿನ ನಾಲ್ಕು ನಾಲ್ಕು ಜನರಂತೆ ಬೆಳಿಗ್ಗೆಯೇ ಕರೆಸಿ, ಆ ಹೊತ್ತಿಗೂ ಸಂಬಳ ಕೊಡಿ. ಪಾಠ ಬೇಡ, ಕೈಗೆ ವಸ್ತು ಕೊಡಿ. ಬಾರ್ಲಿ ಮಾಲ್ಟಿನ ನಾಲ್ಕು ಕಾಳು ಜಗಿಯಲಿ. ಹುರಿಹಿಟ್ಟಿನ ನೆನಪಾಗದ ಕನ್ನಡಿಗನನ್ನು ನಾನಿನ್ನೂ ಕಂಡಿಲ್ಲ. ಮಾಲ್ಟ್ ಎಂದರೇನು ಎಂದು ವಿವರಿಸಲು ರಾಗಿಗಿಂತ ಒಳ್ಳೆಯ ದಾರಿಯಿಲ್ಲ: ಮಕ್ಕಳಿಗೆಂದು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುತ್ತಾರಲ್ಲ, ಅದೇ ಕೆಲಸ ಬಾರ್ಲಿಗೆ. ಮೊಳಕೆ ಬಂದಾಗ ಹುಟ್ಟುವ ಕಿಣ್ವಗಳು ಕಾಳಿನ ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಬ್ರೂವರ್ ಆ ನುಚ್ಚನ್ನು ಸುಮಾರು 65ರಿಂದ 67 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಇಡುವುದು ಇದಕ್ಕಾಗಿಯೇ. ಸೋಸಿ ಬಂದ ಸಿಹಿ ರಸವನ್ನು ಎಲ್ಲರೂ ಒಂದೊಂದು ಗುಟುಕು ಕುಡಿಯಲಿ. ಇಷ್ಟು ಸಿಹಿಯಾದದ್ದು ಅಷ್ಟು ಕಹಿ ಹೇಗಾಯಿತು ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ. ಆಗ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಉಂಡೆಗಳನ್ನು ಅಂಗೈಯಲ್ಲಿ ಉಜ್ಜಿ ಮೂಸಲು ಕೊಡಿ. ಕೊನೆಗೆ ಯೀಸ್ಟ್. ದೋಸೆ ಹಿಟ್ಟು ಬೇಸಿಗೆಯಲ್ಲಿ ಬೇಗ ಹುದುಗುತ್ತದೆ, ಡಿಸೆಂಬರಿನಲ್ಲಿ ಸತಾಯಿಸುತ್ತದೆ ಎಂದು ಬಲ್ಲವರಿಗೆ ಟ್ಯಾಂಕಿನ ಉಷ್ಣಾಂಶಕ್ಕೆ ಬ್ರೂವರ್ ಯಾಕೆ ಅಷ್ಟು ಒದ್ದಾಡುತ್ತಾರೆ ಎಂದು ಮತ್ತೆ ಹೇಳಬೇಕಾಗಿಲ್ಲ. ಬಿಯರಿನ ಎರಡು ದೊಡ್ಡ ಬಗೆಗಳು ಏಲ್ ಮತ್ತು ಲಾಗರ್. ಏಲ್ ಜಾತಿಯ ಯೀಸ್ಟ್‌ಗೆ ಸುಮಾರು 18ರಿಂದ 22 ಡಿಗ್ರಿ ಬೇಕು. ಲಾಗರ್ ಯೀಸ್ಟ್ ಅದಕ್ಕಿಂತ ತಂಪಿನಲ್ಲಿ, ನಿಧಾನವಾಗಿ ಕೆಲಸ ಮಾಡುತ್ತದೆ. ಲಾಗರ್ ಯಾಕೆ ಇವತ್ತು ಇಲ್ಲ ಎಂದು ಗಿರಾಕಿ ಕೇಳಿದಾಗ, "ಅದಕ್ಕೆ ಇನ್ನೂ ಎರಡು ವಾರ ಬೇಕು, ಅವಸರ ಮಾಡಿದರೆ ಕೆಡುತ್ತದೆ" ಎಂದು ಹೇಳುವ ಬಲ ಇಲ್ಲಿಂದ ಬರುತ್ತದೆ.

ಅಮೆರಿಕದಲ್ಲಿ ರೇ ಡೇನಿಯಲ್ಸ್ ಆರಂಭಿಸಿದ ಬಿಯರ್ ಬಲ್ಲವರಿಗೆ ಕೊಡುವ ಸಿಸೆರೋನ್ ಎಂಬ ಪ್ರಮಾಣಪತ್ರ ವ್ಯವಸ್ಥೆ ಇದೆ. ಅದರ ಮೊದಲ ಹಂತ ಆನ್‌ಲೈನಿನಲ್ಲಿ 60 ಪ್ರಶ್ನೆಗಳ ಪರೀಕ್ಷೆ, ತೇರ್ಗಡೆಗೆ ಶೇಕಡಾ 75 ಬೇಕು. ಒಳ್ಳೆಯದೇ, ಆಸಕ್ತಿ ತೋರಿಸಿದ ಒಬ್ಬಿಬ್ಬರಿಗೆ ನೀವೇ ಶುಲ್ಕ ಕಟ್ಟಿ. ಆದರೆ ಅದರಿಂದ ಶುರು ಮಾಡಬೇಡಿ. ಬಾಯಿಪಾಠ ಮಾಡಿ ಪಾಸಾಗಿ, ತಮ್ಮದೇ ಟ್ಯಾಂಕಿನ ಬಿಯರಿನ ರುಚಿ ಹೇಳಲು ತಡವರಿಸಿದವರನ್ನು ನೋಡಿದ್ದೇನೆ.

ಹೆಜ್ಜೆ 3: ದಿನಕ್ಕೊಂದು ಬಿಯರ್, ಮೂವತ್ತು ಮಿಲಿಲೀಟರ್

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಮಾಡುತ್ತೇನೆ ಎನ್ನುವವರು ಇದನ್ನು ಮಾಡಿ. ಸಂಜೆಯ ಗದ್ದಲಕ್ಕೆ ಮುಂಚೆ ಬ್ರೀಫಿಂಗ್ ಹೇಗೂ ಇರುತ್ತದೆ. ಸಮವಸ್ತ್ರ, ಉಗುರು, ಯಾವ ಮೇಜು ಯಾರದು ಎಂಬಷ್ಟಕ್ಕೆ ಅದು ಮುಗಿದುಹೋಗುತ್ತದೆ. ಅದಕ್ಕೆ ಹತ್ತು ನಿಮಿಷ ಸೇರಿಸಿ. ದಿನಕ್ಕೆ ಒಂದೇ ಬಿಯರ್, ತಲೆಗೆ 30 ಮಿಲಿಲೀಟರ್.

ಖರ್ಚಿನ ಮಾತು ಬರುತ್ತದೆ, ಬಂದೇ ಬರುತ್ತದೆ. ಹನ್ನೆರಡು ಜನಕ್ಕೆ 30ರಂತೆ 360 ಮಿಲಿಲೀಟರ್. ಅರ್ಧ ಲೀಟರಿನ ಒಂದು ಮಗ್ಗೂ ಅಲ್ಲ. ತಪ್ಪು ಬಿಯರ್ ತಂದಿಟ್ಟು ವಾಪಸು ಬಂದ ಒಂದು ಮಗ್ಗಿಗಿಂತ ಅಗ್ಗ.

ಕ್ರಮ ಹೀಗಿರಲಿ. ಮೊದಲು ಬಣ್ಣ, ನೊರೆ ನೋಡುವುದು. ಆಮೇಲೆ ಮೂಸುವುದು, ಮಾತಿಲ್ಲದೆ. ಆಮೇಲೆ ಗುಟುಕು. ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ ಮೂರು ಪದ ಬರೆಯಬೇಕು, ಯಾವ ಭಾಷೆಯಲ್ಲಾದರೂ. ಬರೆದ ಮೇಲಷ್ಟೇ ಗಟ್ಟಿಯಾಗಿ ಓದಬೇಕು. ಇಲ್ಲದಿದ್ದರೆ ಕ್ಯಾಪ್ಟನ್ ಹೇಳಿದ್ದನ್ನೇ ಎಲ್ಲರೂ ಹೇಳುತ್ತಾರೆ. ಬ್ರೂವರ್ ಕೊನೆಯಲ್ಲಿ ಮಾತಾಡಬೇಕು. ಬ್ರೂವರ್‌ಗೆ ಇದು ಕಷ್ಟದ ಕೆಲಸ.

ಕುಡಿಯದವರನ್ನು ಒತ್ತಾಯಿಸಲೇಬೇಡಿ. ಮನೆಯ ಕಟ್ಟುಪಾಡು, ಔಷಧ, ವ್ರತ, ಇಷ್ಟವಿಲ್ಲ ಎಂಬ ಸರಳ ಕಾರಣ, ಯಾವುದೂ ನಮ್ಮ ವಿಚಾರಣೆಗೆ ಬರುವುದಿಲ್ಲ. 21 ತುಂಬದವರಿಗಂತೂ ಕೊಡಲೇಬಾರದು. ಮೂಸಿದರೂ ಸಾಕು, ಬಾಯಲ್ಲಿಟ್ಟು ಉಗುಳಿದರೂ ಸಾಕು. ನನ್ನ ತಂಡದಲ್ಲಿ ಅತಿ ಚುರುಕು ಮೂಗಿದ್ದವನು ಶಿರಸಿ ಕಡೆಯ ಹುಡುಗ. ಒಂದು ಹನಿಯೂ ಕುಡಿದವನಲ್ಲ. ಮನೆಯಲ್ಲಿ ಏಲಕ್ಕಿ, ಕಾಳುಮೆಣಸು ಒಣಗಿಸಿ ಬೆಳೆದವನು, ಟ್ಯಾಪಿನಿಂದ ಎರಡು ಅಡಿ ದೂರ ನಿಂತೇ ಇವತ್ತಿನದು ನಿನ್ನೆಯದರಂತಿಲ್ಲ ಎನ್ನುತ್ತಿದ್ದ.

ಹೆಜ್ಜೆ 4: ಪದಗಳನ್ನು ಅಡುಗೆಮನೆಯಿಂದ ತನ್ನಿ

ಬಿಯರಿನ ಭಾಷೆ ಇಂಗ್ಲಿಷಿನದು, ಜರ್ಮನ್ನಿನದು ಎಂಬ ಅಂಜಿಕೆಯೇ ಹುಡುಗರ ಬಾಯಿ ಕಟ್ಟಿಹಾಕುವುದು. ರುಚಿ, ವಾಸನೆಗಳಿಗೆ ಕನ್ನಡದಲ್ಲಿರುವ ಪದಗಳನ್ನು ಲೆಕ್ಕ ಹಾಕಿದರೆ ಆ ಅಂಜಿಕೆ ಹೋಗುತ್ತದೆ. ಒಗರು ಬೇರೆ, ಕಹಿ ಬೇರೆ, ಘಾಟು ಬೇರೆ. ಹಳೆಯ ಎಣ್ಣೆಯ ಕಮಟು, ಮಳೆಗಾಲದ ಗೋಣಿಚೀಲದ ಮುಗ್ಗಲು, ತಳ ಹಿಡಿದ ಪಾಯಸದ ಸೀದ ವಾಸನೆ, ಒಂದಕ್ಕೊಂದು ಸಂಬಂಧವೇ ಇಲ್ಲ. ಕಹಿಯಲ್ಲೂ ಎಷ್ಟು ಬಗೆ! ಹಾಗಲಕಾಯಿಯದು ಒಂದು, ಮೆಂತ್ಯದ್ದು ಇನ್ನೊಂದು, ಚಕ್ಕೋತದ ಬಿಳಿ ಸಿಪ್ಪೆಯದು ಮತ್ತೊಂದು, ಗಟ್ಟಿ ಡಿಕಾಕ್ಷನ್ನಿನದು ಮಗದೊಂದು. ಐಪಿಎ ಕಹಿ ಚಕ್ಕೋತದ ಕಡೆಯದು, ಕಪ್ಪು ಬಿಯರ್ ಸ್ಟೌಟ್‌ನ ಕಹಿ ಡಿಕಾಕ್ಷನ್ನಿನ ಕಡೆಯದು ಎಂದರೆ ಗಿರಾಕಿಗೆ ಗ್ಲಾಸು ಬರುವ ಮುಂಚೆಯೇ ಅರ್ಧ ಗೊತ್ತಾಗುತ್ತದೆ. ಕಹಿಯನ್ನು ಅಳೆಯುವ ಮಾನವಾದ ಐಬಿಯುನಲ್ಲಿ ಅಂಕಿ ಎಷ್ಟು ಎಂದು ಕಾರ್ಡಿನಲ್ಲಿ ಬರೆದಿಡಿ, ಕೇಳದವರ ಮುಂದೆ ಒಪ್ಪಿಸಬೇಡಿ.

ಮೆನುವಿನ ಒಂದೊಂದು ಬಿಯರಿಗೂ ಹೀಗೆ ಒಂದು ಎಳೆ ಸಿಕ್ಕರೆ ಸಾಕು. ಬವೇರಿಯಾದ ಹೆಫೆವೈಜನ್ ಎಂದರೆ ಯೀಸ್ಟ್ ಸೋಸದ ಗೋಧಿ ಬಿಯರ್, ಅರ್ಧಕ್ಕಿಂತ ಕಡಿಮೆಯಿಲ್ಲದಂತೆ ಗೋಧಿ ಮಾಲ್ಟ್. ಅದರ ಬಾಳೆಹಣ್ಣು, ಲವಂಗದ ಪರಿಮಳ ಯಾರೋ ಹಣ್ಣು ಹಿಂಡಿ ಹಾಕಿದ್ದಲ್ಲ, ಆ ಜಾತಿಯ ಯೀಸ್ಟ್ ತಾನೇ ಹುಟ್ಟಿಸಿದ್ದು. "ಎಸೆನ್ಸ್ ಹಾಕುತ್ತೀರಾ?" ಎಂದು ವಾರಕ್ಕೊಬ್ಬರಾದರೂ ಕೇಳುತ್ತಾರೆ, ಇದೊಂದು ಉತ್ತರ ಬಾಯಲ್ಲಿರಲಿ. ಬೆಲ್ಜಿಯಂನ ವಿಟ್ ಬಿಯರ್‌ಗೆ ಮಾತ್ರ ನಿಜಕ್ಕೂ ಮಸಾಲೆ ಬೀಳುತ್ತದೆ: ಕಿತ್ತಳೆ ಸಿಪ್ಪೆ, ಮತ್ತು ನಾವು ಸಾರಿನ ಪುಡಿಗೆ ಹಾಕುವ ಅದೇ ಕೊತ್ತಂಬರಿ ಬೀಜ. ಇದನ್ನು ಕೇಳಿ ಮುಖ ಅರಳದ ಗಿರಾಕಿಯನ್ನು ನಾನು ಕಂಡಿಲ್ಲ. ಪಿಲ್ಸ್ನರ್ ಹುಟ್ಟಿದ್ದು 1842ರಲ್ಲಿ, ಬೊಹೀಮಿಯಾದ ಪಿಲ್ಸೆನ್ ಊರಿನಲ್ಲಿ. ಕತೆ ಕೇಳುವ ಪುರುಸೊತ್ತಿರುವ ಮೇಜಿಗೆ ಮಾತ್ರ ಅದನ್ನು ಹೇಳಿ.

ಇದನ್ನೆಲ್ಲ ಅಂಗೈಯಗಲದ ಕಾರ್ಡಿನಲ್ಲಿ ಬರೆಸಿ ಜೇಬಿಗೆ ಕೊಡಿ. ಒಂದು ಬಿಯರಿಗೆ ಒಂದು ಕಾರ್ಡು: ಹೆಸರನ್ನು ಉಚ್ಚರಿಸುವ ಬಗೆ, ಆಲ್ಕೊಹಾಲ್ ಶೇಕಡಾವಾರು, ಒಂದು ಸಾಲಿನ ರುಚಿ, ಅಡುಗೆಮನೆಯ ಯಾವ ತಿಂಡಿಗೆ ಹೊಂದುತ್ತದೆ, ಮತ್ತು ಯಾರಿಗೆ ಕೊಡಬಾರದು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಬಾರ್ಲಿ, ಗೋಧಿ ಎರಡರಲ್ಲೂ ಗ್ಲುಟೆನ್ ಇದೆ. ಮಿಲ್ಕ್ ಸ್ಟೌಟ್‌ನಲ್ಲಿ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಇರುತ್ತದೆ, ಹಾಲು ಒಗ್ಗದವರಿಗೆ ಅದು ತೊಂದರೆ. "ಇದು ಸಸ್ಯಾಹಾರಿಯೇ?" ಎಂಬ ಪ್ರಶ್ನೆಗೆ ನಗಬೇಡಿ. ಬಿಯರನ್ನು ತಿಳಿಯಾಗಿಸಲು ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್‌ಗ್ಲಾಸ್ ಬಳಸುವ ರೂಢಿ ಬ್ರಿಟನ್ನಿನಲ್ಲಿ ಬಹಳ ಹಿಂದಿನಿಂದ ಇದೆ. ನಿಮ್ಮಲ್ಲಿ ಬಳಸುತ್ತಾರೋ ಇಲ್ಲವೋ ಬ್ರೂವರ್‌ರಿಂದ ಕೇಳಿ ಬರೆದಿಡಿ. ಕೇಳಿದವರು ಗಂಭೀರವಾಗಿಯೇ ಕೇಳಿರುತ್ತಾರೆ.

ಭಾಷೆಯ ಇನ್ನೊಂದು ಮುಖವೂ ಇದೆ. ನಮ್ಮ ಸಿಬ್ಬಂದಿಯಲ್ಲಿ ಅಸ್ಸಾಂ, ಮಣಿಪುರ, ಒಡಿಶಾ, ನೇಪಾಳದಿಂದ ಬಂದವರು ಬಹಳ. ಅವರಿಗೆ ಕನ್ನಡ ಬರುವುದಿಲ್ಲ ಎಂದು ದೂರುವುದು ಸುಲಭ, ಕಲಿಸುವವರು ಕಡಿಮೆ. ಹತ್ತು ವಾಕ್ಯ ಕಲಿಸಿ: ಬನ್ನಿ, ಕುಳಿತುಕೊಳ್ಳಿ, ಕಹಿ ಇಷ್ಟವೇ, ಸ್ವಲ್ಪ ರುಚಿ ನೋಡಿ, ಬದಲಾಯಿಸಿ ಕೊಡಲೇ. ಒಂದು ತಿಂಗಳಲ್ಲಿ ಬರುತ್ತದೆ. ಮೆನುವನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿ, ಆದರೆ ಅಚ್ಚಿಗೆ ಕೊಡುವ ಮುಂಚೆ ಕನ್ನಡ ಬಲ್ಲವರೊಬ್ಬರಿಗೆ ತೋರಿಸಿ.

ಹೆಜ್ಜೆ 5: ಮೇಜಿನ ಮುಂದೆ

ಹೊಸ ಗಿರಾಕಿಗೆ "ಏನು ಬೇಕು?" ಎಂದರೆ ಅವರಿಗೆ ಗೊತ್ತಿರುವ ಒಂದೇ ಹೆಸರು ಹೇಳುತ್ತಾರೆ, ಅದು ಬಾಟಲಿಯ ಹೆಸರು. ಅದರ ಬದಲು ಕೇಳಬೇಕಾದದ್ದು: ಸಾಮಾನ್ಯವಾಗಿ ಏನು ಕುಡಿಯುತ್ತೀರಿ? ಕಹಿ ಇಷ್ಟವೇ, ಬೇಡವೇ? ಈಗ ಊಟ ಮಾಡುತ್ತೀರಾ, ಬರೀ ಹರಟೆಯೇ? ಮೂರೂ ಪ್ರಶ್ನೆಗೆ ಅರ್ಧ ನಿಮಿಷ ಸಾಕು. ಕಾಫಿ ಸಕ್ಕರೆಯಿಲ್ಲದೆ ಕುಡಿಯುತ್ತೀರಾ ಎಂದು ನಾನು ಕೇಳುತ್ತಿದ್ದೆ, ಹೌದು ಎಂದವರು ಸ್ಟೌಟನ್ನು ಬೇಡವೆನ್ನುವುದು ಅಪರೂಪ.

ಆಮೇಲೆ ಎರಡು ಹೆಸರು ಹೇಳಿ, ಆರಲ್ಲ. ಎರಡರದೂ 40 ಮಿಲಿಲೀಟರ್ ರುಚಿಗೆ ತಂದಿಡಿ, ದುಡ್ಡು ಕೇಳಬೇಡಿ. ವಾಪಸಾದ ಒಂದು ಅರ್ಧ ಲೀಟರ್ ಮಗ್ಗಿನಲ್ಲಿ ಇಂಥ ಹನ್ನೆರಡು ರುಚಿ ಇವೆ. ಟ್ಯಾಂಕ್ ಖಾಲಿಯಾಗಿರುವ ಬಿಯರಿದ್ದರೆ ಮೆನು ಕೊಡುವಾಗಲೇ ಹೇಳಿ. ಆರ್ಡರ್ ತೆಗೆದುಕೊಂಡು ಹೋಗಿ ಹತ್ತು ನಿಮಿಷದ ಮೇಲೆ ಬಂದು "ಅದು ಇಲ್ಲ ಸರ್" ಎನ್ನುವುದರಷ್ಟು ಸಿಟ್ಟು ಬರಿಸುವುದು ಬೇರೊಂದಿಲ್ಲ.

"ಸ್ಟ್ರಾಂಗ್ ಯಾವುದು?" ಎಂಬ ಪ್ರಶ್ನೆ ನಮ್ಮ ಊರಿನ ಬಿಯರಿನ ಜಾತಕವನ್ನೇ ಹೇಳುತ್ತದೆ. ಕೇಳುವವರಲ್ಲಿ ಅನೇಕರು ಕಪ್ಪು ಬಿಯರ್ ತೋರಿಸಿ "ಇದೇ ತಾನೇ?" ಎನ್ನುತ್ತಾರೆ. ಕಪ್ಪಾಗುವುದು ಕಾಳು ಕರಿಯಾಗುವಷ್ಟು ಹುರಿದದ್ದರಿಂದ. ಮತ್ತಿಗೂ ಬಣ್ಣಕ್ಕೂ ನಂಟಿಲ್ಲ. ಡಬ್ಲಿನ್ನಿನ ಗಿನ್ನೆಸ್ ಡ್ರಾಟ್ ಕಾಡಿಗೆಯಂತಿದ್ದರೂ ಅದರಲ್ಲಿರುವುದು ಶೇಕಡಾ 4.2ರಷ್ಟು ಆಲ್ಕೊಹಾಲ್. ನಮ್ಮ ಅಂಗಡಿಗಳ ಹೊಂಬಣ್ಣದ ಸ್ಟ್ರಾಂಗ್ ಬಾಟಲಿ ಶೇಕಡಾ 8ರವರೆಗೂ ಹೋಗುತ್ತದೆ. ಇದನ್ನು ತಿದ್ದುವ ದನಿಯಲ್ಲಿ ಹೇಳಬೇಡಿ, ಗುಟ್ಟು ಹಂಚಿಕೊಳ್ಳುವ ದನಿಯಲ್ಲಿ ಹೇಳಿ.

ಗೊತ್ತಿಲ್ಲದ್ದನ್ನು ಕೇಳಿದರೆ "ಕೇಳಿಕೊಂಡು ಬರುತ್ತೇನೆ" ಎನ್ನಬೇಕು, ಮತ್ತು ಬರಬೇಕು. ಗಿರಾಕಿಯೇ ಹೆಚ್ಚು ಬಲ್ಲವರಾದರೆ ಇನ್ನೂ ಒಳ್ಳೆಯದು, ಅವರಿಗೆ ಹೇಳಲು ಬಿಡಿ. ಜೋಡಿ ಬಂದಾಗ ಹಣ್ಣಿನ ಸೈಡರನ್ನು ಹೆಂಗಸಿನ ಮುಂದೆ, ಸ್ಟೌಟನ್ನು ಗಂಡಸಿನ ಮುಂದೆ ಕೇಳದೆಯೇ ಇಡುವ ಚಾಳಿಯನ್ನು ಮೊದಲ ದಿನವೇ ಬಿಡಿಸಿ. ತಪ್ಪು ಜಾಗದಲ್ಲಿಟ್ಟ ಮಗ್ಗುಗಳನ್ನು ಅವರಿಬ್ಬರೂ ನಗುತ್ತಾ ಅದಲು ಬದಲು ಮಾಡಿಕೊಳ್ಳುವುದನ್ನು ನಾನು ಎಷ್ಟೋ ಸಲ ದೂರದಿಂದ ನೋಡಿ ನಾಚಿದ್ದೇನೆ.

ಹೆಜ್ಜೆ 6: ಗ್ಲಾಸು ಮತ್ತು ನೊರೆ

ಬ್ರೂವರ್‌ರ ಮೂರು ವಾರದ ಶ್ರಮವನ್ನು ಜಿಡ್ಡಿನ ಗ್ಲಾಸು ಮೂರು ಸೆಕೆಂಡಿನಲ್ಲಿ ಹಾಳು ಮಾಡುತ್ತದೆ. ಬಿಯರ್ ಗ್ಲಾಸುಗಳನ್ನು ಅಡುಗೆಮನೆಯ ಎಣ್ಣೆ ಪಾತ್ರೆಗಳ ಜೊತೆ ತೊಳೆಯಬಾರದು, ಬಟ್ಟೆಯಿಂದ ಒರೆಸಬಾರದು, ಗಾಳಿಯಾಡುವ ಜಾಲರಿಯ ಮೇಲೆ ಬೋರಲಾಗಿ ಒಣಗಿಸಬೇಕು. ತೊಳೆದದ್ದು ಸರಿಯಾಗಿದೆಯೇ ಎಂದು ನೋಡಲು ಒದ್ದೆ ಗ್ಲಾಸಿನ ಒಳಗೆ ಉಪ್ಪು ಉದುರಿಸಿ. ಶುಭ್ರವಿದ್ದರೆ ಉಪ್ಪು ಎಲ್ಲ ಕಡೆ ಒಂದೇ ಸಮ ಅಂಟುತ್ತದೆ, ಜಿಡ್ಡಿದ್ದಲ್ಲಿ ಬೋಳಾಗಿರುತ್ತದೆ. ಬಿಯರ್ ತುಂಬಿದ ಮೇಲೆ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ನಿಂತರೆ ಅದನ್ನು ಗಿರಾಕಿಗೆ ಒಯ್ಯಬೇಡಿ. ಶುಭ್ರ ಗ್ಲಾಸಿನಲ್ಲಿ ಪ್ರತಿ ಗುಟುಕಿಗೂ ನೊರೆಯ ಒಂದೊಂದು ಬಳೆ ಉಳಿಯುತ್ತಾ ಹೋಗುತ್ತದೆ.

ಹಿಡಿಯುವ ಬಗೆ ಸುಲಭ. ಗ್ಲಾಸನ್ನು ತಣ್ಣೀರಿನಲ್ಲಿ ಒಮ್ಮೆ ಜಾಲಿಸಿ, 45 ಡಿಗ್ರಿ ಓರೆಯಾಗಿ ಹಿಡಿದು, ಟ್ಯಾಪನ್ನು ಪೂರ್ತಿ ತೆರೆದು, ಅರ್ಧ ದಾಟಿದ ಮೇಲೆ ನೆಟ್ಟಗೆ ಮಾಡುವುದು. ಟ್ಯಾಪಿನ ಮೂತಿ ಗ್ಲಾಸಿಗಾಗಲಿ ಬಿಯರಿಗಾಗಲಿ ತಾಗಬಾರದು. ಮೇಲೆ ಎರಡು ಬೆರಳಿನಷ್ಟು ನೊರೆ. ಹಿಮಗಟ್ಟಿದ ಮಗ್ ನೋಡಲು ಚೆಂದ, ಆದರೆ ನಾಲಿಗೆ ಮರಗಟ್ಟಿದರೆ ಬಾಳೆಹಣ್ಣೂ ಇಲ್ಲ ಲವಂಗವೂ ಇಲ್ಲ.

ನೊರೆ ಎಂದರೆ ಮೋಸ ಎಂದು ಜಗಳವಾಡುವವರು ಪ್ರತಿ ಶನಿವಾರ ಒಬ್ಬರಾದರೂ ಸಿಗುತ್ತಾರೆ. ನೊರೆಯಿಲ್ಲದ ಫಿಲ್ಟರ್ ಕಾಫಿ ತಂದಿಟ್ಟರೆ ಅವರೇ ಹೋಟೆಲಿನವನ ಮೇಲೆ ರೇಗುತ್ತಾರೆ, ಅದು ಬೇರೆ ಮಾತು. ಅವರ ಅನುಮಾನ ಪೂರ್ತಿ ತಪ್ಪೂ ಅಲ್ಲ: ಅರ್ಧ ಲೀಟರ್ ಎಂದು ಬರೆದು 420 ಮಿಲಿಲೀಟರ್ ಕೊಟ್ಟರೆ ಅದು ಮೋಸವೇ. ಅಳತೆಗಿಂತ ದೊಡ್ಡ ಗ್ಲಾಸು ಕೊಂಡು, 500ರ ಗೆರೆ ಹಾಕಿಸಿ, ನೊರೆ ಗೆರೆಯ ಮೇಲೆ ನಿಲ್ಲುವಂತೆ ಮಾಡಿ. ವಾದ ಮಾಡುವ ಬದಲು ಗೆರೆ ತೋರಿಸಬಹುದು.

ಹೆಜ್ಜೆ 7: ಮಗ್ ವಾಪಸು ಬಂದಾಗ

ನಾನು ಕ್ಯಾಪ್ಟನ್ ಆಗಿದ್ದ ಒಂದು ಜಾಗದಲ್ಲಿ ಮೂರು ರಾತ್ರಿ ಬೇರೆ ಬೇರೆ ಮೇಜಿನವರು ಒಂದೇ ಮಾತು ಹೇಳಿದರು: ಲಾಗರ್‌ನಲ್ಲಿ ಬೆಣ್ಣೆಯ ವಾಸನೆ, ಸಿನಿಮಾ ಮಂದಿರದ ಪಾಪ್‌ಕಾರ್ನ್ ಇದ್ದಹಾಗೆ. ನಮ್ಮ ಹುಡುಗರು, ನನ್ನಿಂದಲೇ ಕಲಿತಿದ್ದ ಗತ್ತಿನಲ್ಲಿ, "ಅದರ ಶೈಲಿಯೇ ಹಾಗೆ ಸರ್" ಎಂದರು. ನಾಲ್ಕನೆಯ ದಿನ ಬ್ರೂವರ್ ರಜೆಯಿಂದ ಬಂದು ಟ್ಯಾಂಕಿನ ಮಾದರಿ ನಲ್ಲಿಯಿಂದ ಹಿಡಿದು ಮೂಸಿದರು, ವಾಸನೆಯಿಲ್ಲ. ಬಾರಿನ ಟ್ಯಾಪಿನಿಂದ ಹಿಡಿದರು, ಬೆಣ್ಣೆ ಘಮ್ಮೆನ್ನುತ್ತಿತ್ತು. ನಡುವಿನ ಕೊಳವೆಯನ್ನು ಒಂದು ತಿಂಗಳು ತೊಳೆದಿರಲಿಲ್ಲ. ಅದರಲ್ಲಿ ಬೆಳೆದ ಬ್ಯಾಕ್ಟೀರಿಯಾ ಡಯಾಸಿಟೈಲ್ ಎಂಬ ವಸ್ತುವನ್ನು ಹುಟ್ಟಿಸಿತ್ತು. ಗಿರಾಕಿಗಳ ಮೂಗು ಸರಿಯಾಗಿತ್ತು, ನಮ್ಮ ಬಾಯಿ ತಪ್ಪಾಗಿತ್ತು.

ಕೊಳವೆಗಳನ್ನು 14 ದಿನಕ್ಕೊಮ್ಮೆ ಕಾಸ್ಟಿಕ್ ದ್ರಾವಣದಿಂದ, ಮೂರು ತಿಂಗಳಿಗೊಮ್ಮೆ ಆಮ್ಲದಿಂದ ತೊಳೆಯಬೇಕು, ಟ್ಯಾಪುಗಳನ್ನು ಬಿಚ್ಚಿ ಉಜ್ಜಬೇಕು ಎಂಬುದು ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಹಾಕಿಕೊಟ್ಟಿರುವ ಕ್ರಮ. ತೊಳೆದ ತಾರೀಕನ್ನು ಬಾರಿನ ಒಳಗೋಡೆಯಲ್ಲಿ ಎಲ್ಲರಿಗೂ ಕಾಣುವಂತೆ ಬರೆಯಿರಿ.

ಸಿಬ್ಬಂದಿಯ ಮೂಗಿಗೆ ಕೆಟ್ಟದ್ದನ್ನು ಪರಿಚಯಿಸಲು ವಿದೇಶದಿಂದ ಬರುವ ದುಬಾರಿ ಕಿಟ್‌ಗಳಿವೆ. ಶುರುವಿಗೆ ಅವು ಬೇಡ. ಒಂದು ಲೀಟರ್ ಸೌಮ್ಯ ಬಿಯರಿಗೆ ಒಂದು ಚಮಚ ವಿನೆಗರ್ ಹಾಕಿದರೆ ಸೋಂಕು ತಗಲಿದ ಬಿಯರಿನ ಹುಳಿ ಗೊತ್ತಾಗುತ್ತದೆ. ಹಸಿರು ಬಾಟಲಿಯ ಬಿಯರನ್ನು ಅರ್ಧ ಗಂಟೆ ಬಿಸಿಲಿನಲ್ಲಿಟ್ಟು, ನೆರಳಿನಲ್ಲಿಟ್ಟದ್ದರ ಪಕ್ಕ ಮೂಸಿಸಿ. ಬೆಳಕು ಹಾಪ್ಸ್‌ನ ಕಹಿ ಅಂಶವನ್ನು ಒಡೆದು ಹುಟ್ಟಿಸುವ ನಾತವನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ಮಹಡಿಯ ಮೇಲೆ, ತೋಟದಲ್ಲಿ ಮೇಜು ಹಾಕಿರುವವರು ಇದನ್ನು ವಿಶೇಷವಾಗಿ ಗಮನಿಸಿ: ಮಧ್ಯಾಹ್ನದ ಬಿಸಿಲಿಗೆ ಗ್ಲಾಸಿನಲ್ಲಿರುವ ಬಿಯರ್ ನಿಮಿಷಗಳಲ್ಲಿ ಹೀಗಾಗುತ್ತದೆ. ಕೊಡೆ ಬೇಕಾಗಿರುವುದು ಗಿರಾಕಿಗೆ ಮಾತ್ರವಲ್ಲ. ಉಳಿದವುಗಳನ್ನು ಮಾತಿನಲ್ಲೇ ಹೇಳಿಕೊಡಿ: ಹಸಿರು ಸೇಬಿನ ವಾಸನೆ ಬಂದರೆ ಬಿಯರ್ ಇನ್ನೂ ಮಾಗಿಲ್ಲ, ಒದ್ದೆ ರಟ್ಟಿನದು ಬಂದರೆ ಗಾಳಿ ಸೇರಿ ಹಳತಾಗಿದೆ, ಬೇಯಿಸಿದ ಜೋಳದ್ದು ಬಂದರೆ ಕುದಿಸುವ ಹಂತದಲ್ಲಿ ಎಡವಟ್ಟಾಗಿದೆ.

ಗಿರಾಕಿ ಸರಿಯಿಲ್ಲ ಎಂದಾಗ ಮಾಡಬೇಕಾದದ್ದು ಇಷ್ಟು. ವಾದವಿಲ್ಲದೆ ಮಗ್ ಎತ್ತಿಕೊಳ್ಳಿ. "ಏನು ಅನ್ನಿಸಿತು?" ಎಂದು ಕೇಳಿ, ಅವರು ಹೇಳಿದ ಪದವನ್ನೇ ನೆನಪಿಟ್ಟುಕೊಳ್ಳಿ. ಬದಲಿ ಏನು ಬೇಕೆಂದು ಕೇಳಿ ತಂದುಕೊಡಿ. ಬಾರಿಗೆ ಹೋಗಿ ಮೂಸಿ. ದೋಷವಿರಲಿ, ಬರೀ ಇಷ್ಟವಾಗದಿರಲಿ, ಎರಡಕ್ಕೂ ಬದಲಿ ಕೊಡಿ. ಆದರೆ ಪುಸ್ತಕದಲ್ಲಿ ಬೇರೆ ಬೇರೆ ಬರೆಯಿರಿ: ತಾರೀಕು, ಟ್ಯಾಪ್ ಸಂಖ್ಯೆ, ಗಿರಾಕಿಯ ಪದ. ಬ್ರೂವರ್ ಮರುದಿನ ಬೆಳಿಗ್ಗೆ ಆ ಪುಸ್ತಕ ಓದಿ ಸಹಿ ಹಾಕಬೇಕು. ಮೊದಮೊದಲು ಅವರಿಗೆ ಸಿಟ್ಟು ಬರುತ್ತದೆ, ಹತ್ತು ದಿನದಲ್ಲಿ ತಾವೇ ಬಂದು ಪುಸ್ತಕ ಎಲ್ಲಿ ಎನ್ನುತ್ತಾರೆ.

ಹೆಜ್ಜೆ 8: "ಬಿಯರ್ ತಾನೆ"

ಬೆಂಗಳೂರಿನಲ್ಲಿ ಅತಿ ಹೆಚ್ಚು ಅಪಾಯ ತರುವ ಎರಡು ಪದಗಳಿವು. ಲೆಕ್ಕವನ್ನು ಸಿಬ್ಬಂದಿಯ ತಲೆಯಲ್ಲಿ ಕೂರಿಸಿ. ಶೇಕಡಾ 5ರ ಅರ್ಧ ಲೀಟರ್ ಮಗ್ಗಿನಲ್ಲಿ 25 ಮಿಲಿಲೀಟರ್ ಶುದ್ಧ ಆಲ್ಕೊಹಾಲ್ ಇದೆ. ಶೇಕಡಾ 42.8ರ ವಿಸ್ಕಿಯ 60 ಮಿಲಿಲೀಟರ್ ಲಾರ್ಜ್ ಪೆಗ್‌ನಲ್ಲಿರುವುದೂ ಹೆಚ್ಚುಕಡಿಮೆ ಅಷ್ಟೇ. ನಾಲ್ಕು ಮಗ್ ಎಂದರೆ ನಾಲ್ಕು ಲಾರ್ಜ್. ಶೇಕಡಾ 7ರ ಐಪಿಎ ಆದರೆ ಮೂರೇ ಮಗ್ಗಿಗೆ ನಾಲ್ಕು ಲಾರ್ಜ್ ದಾಟುತ್ತದೆ. ವಾಹನ ಓಡಿಸುವವರಿಗೆ ಕಾನೂನಿನ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ, ಮೊದಲ ಸಲ ಸಿಕ್ಕಿಬಿದ್ದರೂ ದಂಡ 10,000 ರೂಪಾಯಿವರೆಗೆ, ಜೈಲು ಆರು ತಿಂಗಳವರೆಗೆ.

ವಯಸ್ಸು 21 ತುಂಬಿಲ್ಲ ಎಂಬ ಅನುಮಾನ ಬಂದರೆ ಗುರುತಿನ ಚೀಟಿ ಕೇಳುವುದು ಬಾಗಿಲಿನವನ ಕೆಲಸವಷ್ಟೇ ಅಲ್ಲ, ಬಡಿಸುವವರದೂ ಹೌದು. ಹೆಚ್ಚಾಯಿತು ಅನ್ನಿಸಿದವರಿಗೆ ಗೆಳೆಯರ ಮುಂದೆ "ಸಾಕು ಸರ್" ಎನ್ನಬೇಡಿ, ಹಟ ಹುಟ್ಟುತ್ತದೆ. ಕೇಳದೆಯೇ ನೀರು ತಂದಿಡಿ, ಅನ್ನ ಸಾರೋ ಮೊಸರನ್ನವೋ ಇದ್ದರೆ ಹೇಳಿ, ಮುಂದಿನ ಸುತ್ತನ್ನು ನಿಧಾನ ಮಾಡಿ. ಕೊನೆಗೂ ನಿಲ್ಲಿಸಬೇಕಾದರೆ ಆ ಕೆಲಸ ಕ್ಯಾಪ್ಟನ್‌ದು, ಹತ್ತೊಂಬತ್ತು ಸಾವಿರ ಸಂಬಳದ ಹುಡುಗನದಲ್ಲ. ಹೆಣ್ಣುಮಕ್ಕಳು ಬಡಿಸುವ ಮೇಜಿನಲ್ಲಿ ಮಾತು ಕೆಟ್ಟರೆ ನಿಲ್ಲಿಸುವ ನಿರ್ಧಾರ ಅವರದೇ ಆಗಿರಲಿ, ಬೆನ್ನ ಹಿಂದೆ ನೀವಿರಿ. ಟ್ಯಾಕ್ಸಿ ಬರುವವರೆಗೆ ಕುರ್ಚಿ ಕೊಡಿ.

ಹೆಜ್ಜೆ 9: ಆರು ವಾರದ ನಂತರ

ಸೋದರಮಾವನನ್ನು ಮತ್ತೆ ಕಳುಹಿಸಿ, ಸಿಬ್ಬಂದಿಗೆ ನೆನಪಿದ್ದರೆ ಅತ್ತೆಯನ್ನು ಕಳುಹಿಸಿ. ವಾಪಸು ಬಂದ ಮೇಲೆ ಅಂಕ ಹಾಕಲು ಕಾಗದ ಕೊಡಬೇಡಿ. ಏನು ಕುಡಿದಿರಿ, ಅದು ಹೇಗಿತ್ತು ಎಂದಷ್ಟೇ ಕೇಳಿ. ಎರಡನೆಯ ಸಲ ನನ್ನ ಮಾವ ಬಂದು ಕುಳಿತು, ಹೆಸರು ಸರಿಯಾಗಿ ಬಾಯಿಗೆ ಬಾರದೆ, "ಅದೇ ಕಣೋ, ಸಾರಿನ ಪುಡಿಯ ಬೀಜ ಹಾಕುತ್ತಾರಲ್ಲ, ಆ ಬೆಲ್ಜಿಯಂನದು" ಎಂದರು. ಯಾರು ಹೇಳಿದರು ಎಂದು ಕೇಳಿದೆ. ತಂದುಕೊಟ್ಟ ಹುಡುಗ, ಮಣಿಪುರದವನಂತೆ, ಕನ್ನಡದಲ್ಲೇ ಹೇಳಿದ ಎಂದರು.